ಮುಬಾಆ ಜಗಳ

ಹಿಂಡುತ್ತಿದ್ದ ಹಾಸುಬಟ್ಟೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ತಂಗಿಯ ಕೈಯಲ್ಲಿ. ಎದುರುಬದುರು ನಿಂತು ಅವಳು ತನ್ನ ಬಲಕ್ಕೆ ತಿರುಚಬೇಕು, ನಾನು ನನ್ನ ಬಲಕ್ಕೆ ತಿರುಚಬೇಕು. ಆಗ ನೀರು ಇಳಿಯುತ್ತದೆ. ಹುಡುಗಿಯರಾಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಅವತ್ತು ಬೆಳಿಗ್ಗೆ ಮಾತ್ರ ಅವಳು ತಿರುಚಿದ ರಭಸಕ್ಕೆ ನನ್ನ ಮಣಿಕಟ್ಟು ಕಳಚಿ ಬರುವುದೊಂದು ಬಾಕಿ.

"ಬಟ್ಟೆ ಕಣೇ ಅದು, ಔಷಧಿ ಅಂಗಡಿಯವರ ಕತ್ತಲ್ಲ," ಎಂದೆ.

ಅವಳು ನಗಲಿಲ್ಲ. ತುಟಿ ಆಡಿಸಿದಳು. ಇವತ್ತೇ ಕೊನೇ ದಿನ, ಎಂದಳು.

ತಂಗಿಗೆ ಧ್ವನಿಯಿಲ್ಲ. ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರುಗಳು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನಲ್ಲೊಂದು ತೂತು, ಉಸಿರಾಟವೆಲ್ಲ ಅಲ್ಲಿಂದ. ಧೂಳು ಹೋಗದ ಹಾಗೆ ಅದರ ಮೇಲೊಂದು ತೆಳು ಬಟ್ಟೆ. ಅವಳ ತುಟಿ ಓದುವುದು ನನಗೆ ಅಭ್ಯಾಸವಾಗಿದೆ. ಮಿಕ್ಕವರ ಹತ್ತಿರ ಅವಳದು ಕೈಭಾಷೆ: ಏನನ್ನಾದರೂ ಒಂದು ಸಲ ಕುಟ್ಟಿದರೆ ಇಲ್ಲ, ಎರಡು ಸಲ ಕುಟ್ಟಿದರೆ ಹೌದು. ಧ್ವನಿಯಿದ್ದ ಕಾಲದಲ್ಲಿ, ಅಕ್ಷರ ಕಲಿ ಎಂದು ರಾತ್ರಿಶಾಲೆಗೆ ಕೈಹಿಡಿದು ಎಳೆದೆ. "ನಂಗೆ ಬಾಯಿದೆ, ಸಾಕು" ಎಂದು ಬರಲಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅನ್ನುತ್ತಾರೆ. ನಮ್ಮವಳ ಬಾಯಿಗೆ ಬರಗಾಲವೇ ಹೆದರುತ್ತಿತ್ತು.

ಅವಳ ಮೊಮ್ಮಗಳು ಹುಟ್ಟಿದ್ದು ಆಪರೇಷನ್ನು ಆದ ಮೇಲೆ. ಆ ಮಗುವಿಗೆ ಅವಳು 'ಕುಟ್ಟಜ್ಜಿ'.

"ದೊಡ್ಡಜ್ಜೀ, ಕುಟ್ಟಜ್ಜಿ ಮೊದಲಿಂದ್ಲೂ ಹೀಗೇನಾ?" ಎಂದು ಒಮ್ಮೆ ನನ್ನನ್ನು ಕೇಳಿತು.

"ಇಲ್ಲ ಕಣೇ. ಅಜ್ಜಿ ಕೂಗಿದ್ರೆ ಬೀದಿ ಕೊನೇಲಿ ಮಲಗಿರೋ ನಾಯಿ ಎದ್ದು ಕೂತ್ಕೋತಿತ್ತು."

"ಸುಳ್ಳು."

ಅಷ್ಟೆ. ಮಗು ಆಟಕ್ಕೆ ಓಡಿತು. ತಂಗಿ ಮಾತ್ರ ಗೋಡೆ ಕಡೆ ತಿರುಗಿ ಬಹಳ ಹೊತ್ತು ಕೂತಿದ್ದಳು. ನಮ್ಮಲ್ಲಿ ಯಾರ ಫೋನಿನಲ್ಲೂ ಅವಳ ಧ್ವನಿ ಇಲ್ಲ. ದಿನಾ ಕೂಗುವವಳ ಧ್ವನಿಯನ್ನು ಹಿಡಿದಿಟ್ಟುಕೊಳ್ಳಬೇಕೆಂದು ಯಾರಿಗೆ ಹೊಳೆಯುತ್ತದೆ? ಲೋಕದಲ್ಲಿ ಆ ಧ್ವನಿ ಉಳಿದಿರುವುದು ಒಂದೇ ಕಡೆ: ಟೀವಿಯವರ ಗೋದಾಮಿನಲ್ಲಿ, ಒಂದು ಹಳೆಯ ಟೇಪಿನೊಳಗೆ.

ಅದು ಅಲ್ಲಿಗೆ ಹೋದದ್ದೂ ಜಗಳದಿಂದಲೇ. ನಮ್ಮದು ಬಟ್ಟೆ ಒಗೆಯುವ ಕಸುಬು. ಈಗ ಎರಡು ಲಾಡ್ಜುಗಳ ಹಾಸುಬಟ್ಟೆ, ದಿಂಬಿನ ಚೀಲ. ಆಗ, ಸ್ಟುಡಿಯೋ ಊರಿನಲ್ಲೇ ಇದ್ದ ಕಾಲದಲ್ಲಿ, 'ಹತ್ತನೇ ವಾರ್ಡು' ಧಾರಾವಾಹಿಯ ಡಾಕ್ಟರು, ನರ್ಸುಗಳ ಬಿಳಿ ಕೋಟುಗಳೂ ನಮ್ಮ ಕಲ್ಲಿನ ಮೇಲೇ ಬೆಳ್ಳಗಾಗುತ್ತಿದ್ದವು. ಯಾವನೋ ನಟ ಕೋಟಿನ ಜೇಬಿನಲ್ಲಿ ಮುಚ್ಚಳವಿಲ್ಲದ ಪೆನ್ನು ಬಿಟ್ಟು, ಶಾಯಿ ಇಡೀ ಗಂಟಿಗೆ ಹರಡಿತು. ತಂಗಿ ಆ ಕೋಟು ಹಿಡಿದುಕೊಂಡು ಸ್ಟುಡಿಯೋದ ಓಣಿಯಲ್ಲಿ ರಣಚಂಡಿಯಾಗಿ ನಿಂತಳು. ಅದೇ ಹೊತ್ತಿಗೆ, ಬಾಗಿಲ ಹಿಂದಿನಿಂದ ಒಂದು ಮಾತು ಕೂಗಬೇಕಿದ್ದ ಹೆಂಗಸು ಬಂದಿರಲಿಲ್ಲ. ನಿರ್ದೇಶಕರು ಓಡಿ ಬಂದು, "ಅಮ್ಮಾ, ಇದೇ ಸಿಟ್ಟಲ್ಲಿ ಆ ಬಾಗಿಲ ಹಿಂದೆ ನಿಂತು ಒಂದು ಮಾತು ಕೂಗಿಬಿಡಿ, ನಿಮ್ಮ ಕೋಟಿನ ವಿಷಯ ಆಮೇಲೆ ನೋಡೋಣ," ಎಂದರು. ಹೇಳಿಕೊಟ್ಟದ್ದು, "ಒಳಗೆ ಹೆರಿಗೆ ಆಗ್ತಿದೆ, ಬಾಗಿಲು ಬಡೀಬೇಡಿ" ಎಂಬಷ್ಟೇ. ತಂಗಿ ಅದನ್ನು ಕೂಗಿ, ಉಸಿರೂ ಬಿಡದೆ ತನ್ನದನ್ನೂ ಸೇರಿಸಿದಳು: "ನಿಮ್ಮಪ್ಪನ ಮನೆ ಬಾಗಿಲಾ ಇದು? ಕೈ ಮುರಿದು ಕೈಗೇ ಕೊಡ್ತೀನಿ!" ಬಾಗಿಲ ಈಚೆ ನಿಂತಿದ್ದ ನಾಯಕ ನಟ ನಿಜವಾಗಿಯೂ ಹಿಂದೆ ಸರಿದು ಔಷಧಿಯ ತಟ್ಟೆ ಬೀಳಿಸಿದ. ಅದನ್ನು ಹಾಗೇ ಇಟ್ಟುಕೊಂಡರು. ಎಪಿಸೋಡಿನ ಹೆಸರು 'ಮುಚ್ಚಿದ ಬಾಗಿಲಿನ ಆಚೆ'. ಮುಖ ಕಾಣುವುದಿಲ್ಲ, ಹೆಸರು ಬರುವುದಿಲ್ಲ. ಆದರೂ 'ವಾರ್ಡು' ಅಭಿಮಾನಿಗಳಲ್ಲಿ ಆ ಮಾತು ಗೊತ್ತಿಲ್ಲದವರಿಲ್ಲ. ಊರಿನ ಅಭಿಮಾನಿ ಬಳಗಕ್ಕೆ ನಮ್ಮಿಬ್ಬರನ್ನೂ ಸೇರಿಸಿಕೊಂಡದ್ದೇ ಆ ಒಂದು ಮಾತಿನ ಮೇಲೆ.

ಟೀವಿಯವರು ಒಂದು ಪ್ರಕಟಣೆ ಹಾಕಿದರು. ಗೋದಾಮು ಖಾಲಿ ಮಾಡುತ್ತಿದ್ದಾರೆ, ಹಳೆಯ ಟೇಪುಗಳೆಲ್ಲ ಗುಜರಿಗೆ. ಅಭಿಮಾನಿ ಬಳಗಗಳು ಕೇಳಿದ ಎಪಿಸೋಡುಗಳನ್ನು ಮಾತ್ರ ಉಳಿಸಿ ಪ್ರತಿ ಮಾಡಿ ಕೊಡುತ್ತಾರೆ. ಒಂದು ಬಳಗಕ್ಕೆ ಒಂದೇ ಕಾಗದ, ಹನ್ನೆರಡೇ ಎಪಿಸೋಡು, ಬಳಗದ ಮುದ್ರೆ ಇರಬೇಕು, ಇಂಥ ತಾರೀಖಿನೊಳಗೆ ಅಂಚೆಗೆ ಬಿದ್ದಿರಬೇಕು. ಒಂಟಿ ಜನರ ಅರ್ಜಿ ನೋಡುವುದಿಲ್ಲ. ಆದರೂ ನಾನು ಬೇರೆಯಾಗಿ ಒಂದು ಕಾರ್ಡು ಬರೆದೆ, ಉತ್ತರ ಬರಲಿಲ್ಲ.

ಪ್ರಕಟಣೆ ಬಂದ ವಾರದಲ್ಲೇ ಹೋಗಬೇಕಿದ್ದ ಕಾಗದ ಎಂಟು ತಿಂಗಳು ಹೊರಡಲಿಲ್ಲ. ಯಾಕೆ ಎಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ.

ನಮ್ಮ ಬಳಗದಲ್ಲಿ ಎಪಿಸೋಡಿನ ಹೆಸರನ್ನು ಪೂರ್ತಿ ಹೇಳುವವರು ಹೊಸಬರು ಎಂದು ಲೆಕ್ಕ. ಹಳಬರು ಚುಟುಕಾಗಿ ಹೇಳುತ್ತಾರೆ. 'ಎರಡನೇ ಹಾಸಿಗೆಯ ರಾಣಿ' ಎಂದರೆ ಎಹಾರಾ. 'ನೀಲಿ ಕಾಗದ' ಎಂದರೆ ನೀಕಾ. ನಮ್ಮ ಅಧ್ಯಕ್ಷರಾದ ಔಷಧಿ ಅಂಗಡಿಯವರು ಈ ಪದ್ಧತಿಯವರು, ಮೊದಲಕ್ಷರದ ಪಕ್ಷ. ಕಾರ್ಯದರ್ಶಿ ಟೈಪಿಸ್ಟಮ್ಮನದು ಮೊದಲ ಪದದ ಪಕ್ಷ: ನೀಕಾ ಅಲ್ಲ, 'ನೀಲಿ' ಎಂದರೆ ಸಾಕು ಅನ್ನುತ್ತಾರೆ. ಬಳಗ ಸೀಳಿ ಅರ್ಧ ಅವರ ಕಡೆ, ಅರ್ಧ ಇವರ ಕಡೆ. ಇಷ್ಟು ವರ್ಷ ಅದು ಬರೀ ಬಾಯಿಚಪಲದ ಜಗಳ. ಹನ್ನೆರಡನ್ನು ಆರಿಸಿ ಕಾಗದ ಬರೆಯಲು ಕೂತಾಗ ಬೆಂಕಿ ಹತ್ತಿಕೊಂಡಿತು. 'ಮುಚ್ಚಿದ ಬಾಗಿಲಿನ ಆಚೆ' ಎಂದರೆ ಮುಬಾಆ. ಆದರೆ 'ಮುರಿದ ಬಾಟಲಿ, ಆಮೇಲೆ' ಎಂಬ ಎಪಿಸೋಡೂ ಮುಬಾಆ. ಯಾವುದು ಮುಬಾಆ, ಯಾವುದು ಬೇರೆ?

"ನೋಡಿದ್ರಾ, ಅದಕ್ಕೇ ಮೊದಲ ಪದ ಅನ್ನೋದು," ಎಂದರು ಟೈಪಿಸ್ಟಮ್ಮ.

"ಹಾಗಾದ್ರೆ 'ಮುಚ್ಚಿದ ಕಣ್ಣು', 'ಮುಚ್ಚಿದ ಕಡತ' ಅಂತ ಎರಡಿವೆಯಲ್ಲ, ಅವನ್ನ ಎಲ್ಲಿ ಮುಚ್ಚಿಡ್ತೀರಿ?" ಎಂದರು ಔಷಧಿ ಅಂಗಡಿಯವರು.

ಬಾಟಲಿ ಮೊದಲು ಪ್ರಸಾರವಾದದ್ದು, ಆದ್ದರಿಂದ ಹಿರಿತನ ಬಾಟಲಿಗೆ ಎಂದು ಒಬ್ಬರು. ಬಾಗಿಲು ಜನಪ್ರಿಯ, ಬಾಗಿಲಿಗೇ ಇರಲಿ ಎಂದು ಇನ್ನೊಬ್ಬರು. ಒಂದಕ್ಕೆ 'ಹಿರಿ ಮುಬಾಆ', ಇನ್ನೊಂದಕ್ಕೆ 'ಕಿರಿ ಮುಬಾಆ' ಎಂದರೆ, ಕಿರಿಯ ಎನ್ನಿಸಿಕೊಳ್ಳಲು ಎರಡು ಕಡೆಯವರೂ ತಯಾರಿಲ್ಲ. ಸೊಸೆಯಂದಿರ ಜಗಳವಾದರೂ ಊಟದ ಹೊತ್ತಿಗೆ ನಿಲ್ಲುತ್ತದೆ, ಇದು ನಿಲ್ಲಲಿಲ್ಲ.

ಬಳಗದಲ್ಲೊಂದು ನಿಯಮವಿದೆ. ಬಳಗದ ಹೆಸರಿನಲ್ಲಿ ಹೋಗುವ ಕಾಗದವನ್ನು ಎಲ್ಲರ ಮುಂದೆ ಓದಬೇಕು. ಯಾರಾದರೂ ಒಬ್ಬರು ಬಾಯಿಬಿಟ್ಟು 'ಬೇಡ' ಎಂದರೆ ಅದನ್ನು ಅಲ್ಲೇ ಹರಿದು ಹೊಸದಾಗಿ ಬರೆಯಬೇಕು. ಬಾಯಿ ಬಿಡದವರು ಒಪ್ಪಿದ ಹಾಗೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ, ಯಾರ ಮನಸ್ಸೂ ನೋಯದಿರಲಿ ಎಂದು. ಒಂದು ಸಲ ಟೈಪಿಸ್ಟಮ್ಮ ಬೇಡ ಎಂದರು, ಹರಿದರು. ಇನ್ನೊಂದು ಸಲ ಔಷಧಿ ಅಂಗಡಿಯವರು ಬೇಡ ಎಂದರು, ಹರಿದರು. ತಂಗಿ ಪ್ರತಿ ಸಲವೂ, ಹರಿಯಬೇಡಿ ಎಂದು, ಪಕ್ಕದಲ್ಲಿದ್ದ ರಟ್ಟಿನ ಡಬ್ಬ ಕುಟ್ಟಿದಳು. ಕುಟ್ಟಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನೋ, ತಾಳ್ಮೆಗೆ ಹೆಸರಾದವಳು. ಐವತ್ತು ದಾಟಿದ ಮೇಲೆ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತು 'ಳ' ತಿದ್ದಿದವಳು. ಇವತ್ತಲ್ಲ ನಾಳೆ ಬುದ್ಧಿ ಬರುತ್ತದೆ ಎಂದು ಕಾಯುತ್ತಿದ್ದೆ. ತಾಳಿದವನು ಬಾಳಿಯಾನು ಎಂದು ತಂಗಿಗೆ ಹೇಳುತ್ತಿದ್ದೆ. ಅವಳು ನನ್ನ ಕಡೆ ನೋಡುತ್ತಿದ್ದ ನೋಟವನ್ನು ನಾನು ನೋಡದ ಹಾಗೆ ಇರುತ್ತಿದ್ದೆ.

ಹಾಸುಬಟ್ಟೆ ಇನ್ನೂ ನಮ್ಮಿಬ್ಬರ ಮಧ್ಯೆ ತೊಟ್ಟಿಕ್ಕುತ್ತಿರುವಾಗಲೇ ಲಾಡ್ಜಿನ ವ್ಯಾನು ಬಂದು ನಿಂತಿತು. ಡ್ರೈವರು ಇಳಿದ. ಅವನೂ ಬಳಗದವನೇ, ಎಂಥ ಎಪಿಸೋಡಿಗೂ ಕಣ್ಣೀರು ಹಾಕುವ ದೊಡ್ಡ ಆಳು.

"ಅಕ್ಕಾ, ರಾಜಿ ಆಯ್ತಂತೆ. ಮಧ್ಯಾಹ್ನ ಅಂಗಡಿ ಹಿಂದಿನ ಕೋಣೇಲಿ ಸಭೆ. ಎರಡು ಪಕ್ಷಾನೂ ಒಪ್ಪಿವೆ."

ತಂಗಿ ಕೈಯಲ್ಲಿದ್ದ ತುದಿ ಬಿಟ್ಟಳು. ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ಮತ್ತೆ ಜಾಲಿಸಬೇಕು, ಇರಲಿ. ಅವಳು ಎರಡು ಕೈಯಲ್ಲೂ ನನ್ನ ಕೆನ್ನೆ ಹಿಡಿದಳು, ತಣ್ಣಗೆ ಸೋಪಿನ ವಾಸನೆಯ ಕೈ.

"ನೋಡಿದ್ಯಾ, ತಾಳ್ಮೆ ಅಂದ್ರೆ ಇದು," ಎಂದೆ. ಡ್ರೈವರನ ಕಡೆ ತಿರುಗಿ, "ಏನು ರಾಜಿ? ಹಿರಿ ಕಿರಿ ಒಪ್ಪಿದ್ರಾ?" ಎಂದು ಕೇಳಿದೆ.

ಅವನು ಬಗ್ಗಿ ವ್ಯಾನಿನ ಟೈರು ನೋಡತೊಡಗಿದ. "ಅದೇನೋ... ಅಲ್ಲೇ ಹೇಳ್ತಾರೆ. ಬನ್ನಿ. ಬೇಗ ಬನ್ನಿ," ಎಂದ. ಟೈರಿನಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಔಷಧಿ ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಸುತ್ತ ಗೋಡೆಗೆ ಕೆಮ್ಮಿನ ಔಷಧಿಯ ಪೆಟ್ಟಿಗೆಗಳು, ನಡುವೆ ಗಾಜು ಹಾಸಿದ ಮೇಜು, ಮೇಲೊಂದು ಟ್ಯೂಬ್ ಲೈಟು. ಹತ್ತು ಹನ್ನೆರಡು ಜನ ರಟ್ಟಿನ ಡಬ್ಬಗಳ ಮೇಲೆ ಕೂತಿದ್ದರು. ಔಷಧಿ ಅಂಗಡಿಯವರು ಕನ್ನಡಕ ಏರಿಸಿಕೊಂಡು ಬಂದವರನ್ನೆಲ್ಲ "ಬನ್ನಿ ದೊಡ್ಡಮ್ಮ, ಬನ್ನಿ ಚಿಕ್ಕಮ್ಮ" ಎಂದು ಸ್ವಾಗತಿಸುತ್ತಿದ್ದರು. ಟೈಪಿಸ್ಟಮ್ಮ ಅವರ ಪಕ್ಕದಲ್ಲೇ ಕೂತು, ಇಬ್ಬರೂ ಒಂದೇ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದರು. ಎಂಟು ತಿಂಗಳಿಂದ ಮುಖ ತಿರುಗಿಸಿಕೊಂಡಿದ್ದವರು.

"ಈ ಬಳಗದ ಇತಿಹಾಸದಲ್ಲಿ," ಎಂದು ಶುರುಮಾಡಿದರು ಔಷಧಿ ಅಂಗಡಿಯವರು, "ಇದು ಬಹಳ ಸಂತೋಷದ ದಿನ. ಎಲ್ಲಾ ಹೆಸರುಗಳೂ ಇತ್ಯರ್ಥ ಆಗಿವೆ. ಈಗ ಕಾಗದ ಓದ್ತೀನಿ. ಮಾನ್ಯರೇ, ಈ ಕೆಳಕಂಡ ಎಪಿಸೋಡುಗಳನ್ನು ಉಳಿಸಬೇಕಾಗಿ ವಿನಂತಿ. ಎಹಾರಾ. ನೀಲಿ. ಹಕೊಬೆ. ಗಡಿಯಾರ. ಸೂಮ..."

ಅರ್ಧ ಅವರ ಪದ್ಧತಿ, ಅರ್ಧ ಇವರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಓದುತ್ತಾ ಹೋದರು. ಹನ್ನೆರಡು ಮುಗಿಯಿತು. "ಇಂತಿ ತಮ್ಮ ವಿಶ್ವಾಸಿಗಳು," ಎಂದರು.

ಧಡ್. ತಂಗಿ ಪಕ್ಕದ ಡಬ್ಬವನ್ನು ಕುಟ್ಟಿದಳು. ಒಂದೇ ಸಲ.

"ಮುಬಾಆ ಎಲ್ಲಿ?" ಎಂದು ನಾನು ಕೇಳಿದೆ.

"ಅದೇ ರಾಜಿ, ದೊಡ್ಡಮ್ಮ," ಎಂದರು ಔಷಧಿ ಅಂಗಡಿಯವರು, ಮಗುವಿಗೆ ಸಿಹಿ ಮಾತ್ರೆ ತೋರಿಸುವ ಹಾಗೆ. "ಜಗಳ ಇರೋದೆಲ್ಲ ಮುಬಾಆ ಒಂದರಲ್ಲೇ. ಎರಡನ್ನೂ ಬಿಟ್ಬಿಟ್ರೆ ಜಗಳಾನೇ ಇಲ್ಲ! ಬಾಟಲೀನೂ ಬೇಡ, ಬಾಗಿಲೂ ಬೇಡ. ಅವುಗಳ ಜಾಗಕ್ಕೆ ಗಡಿಯಾರ ಒಂದು, ಸೂಮ ಒಂದು."

"ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ್ರಂತೆ," ಎಂದು ಡ್ರೈವರು ಮೂಲೆಯಿಂದ ಗೊಣಗಿದ.

"ನೀನು ಸುಮ್ನಿರಪ್ಪ. ನಮ್ಮ ಕಡೆಯವರೂ ಬಾಟಲಿ ಬಿಟ್ಟುಕೊಟ್ಟಿಲ್ವಾ?" ಎಂದರು ಟೈಪಿಸ್ಟಮ್ಮ. ನನ್ನ ಕಡೆ ತಿರುಗಿ ಮೆತ್ತಗೆ, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅದರಲ್ಲಿ ನಿಮ್ಮ ತಂಗಿ ಮುಖ ಕೂಡ ಕಾಣಲ್ಲ. ಒಂದು ಕ್ಷಣದ ಧ್ವನಿ. ಅದಕ್ಕೋಸ್ಕರ ಇಡೀ ಬಳಗ ಒಡೀಬೇಕಾ?"

ಒಂದು ಕ್ಷಣದ ಧ್ವನಿ. ಅವರ ಮನೆಯಲ್ಲಿ ಎಲ್ಲರಿಗೂ ಧ್ವನಿಯಿದೆ. ಬೇಕಾದಾಗ ಬೇಕಾದಷ್ಟು ಸಿಗುವ ನಲ್ಲಿ ನೀರಿನ ಹಾಗೆ.

ತಂಗಿ ಮತ್ತೆ ಕುಟ್ಟಿದಳು. ಧಡ್. ಮತ್ತೆ. ಧಡ್. ಡಬ್ಬದೊಳಗೆ ಬಾಟಲಿಗಳು ಕಿಣಿಕಿಣಿ ಎಂದವು.

"ಚಿಕ್ಕಮ್ಮಾ, ಒಳಗೆ ಸಿರಪ್ಪಿದೆ," ಎಂದರು ಔಷಧಿ ಅಂಗಡಿಯವರು. "ನಿಯಮ ನಿಮಗೂ ಗೊತ್ತಲ್ಲ. ಬಾಯಿಬಿಟ್ಟು ಹೇಳ್ಬೇಕು. ಇಲ್ಲಾಂದ್ರೆ ಮೌನಂ ಸಮ್ಮತಿ ಲಕ್ಷಣಂ." ತಮಾಷೆಗೇ ಅಂದರೋ ಏನೋ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಎಂದರು.

ನನಗೆ ಕೋಪ ಬರುವುದೆಂದರೆ ಹೇಗಿರುತ್ತದೆ ಎಂದು ನನಗೇ ಮರೆತುಹೋಗಿತ್ತು. ಕಾಲಿನಿಂದ ಶುರುವಾಗುತ್ತದೆ. ಮೊಣಕಾಲು ನೋವಿನವಳು ನಾನು, ಏಳುವಾಗ ಯಾವಾಗಲೂ ಏನನ್ನಾದರೂ ಹಿಡಿದುಕೊಳ್ಳುತ್ತೇನೆ. ಅವತ್ತು ಏನನ್ನೂ ಹಿಡಿಯದೆ ಎದ್ದುನಿಂತೆ.

"ಬೇಡ," ಎಂದೆ.

"ಯಾರಂದಿದ್ದು?" ಔಷಧಿ ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು.

"ನಾನು. ಬಾಯಿಬಿಟ್ಟೇ ಹೇಳಿದ್ದೀನಿ. ಹರೀರಿ ಅದನ್ನ."

ಗಲಾಟೆ ಎದ್ದಿತು. ಇವತ್ತು ಕೊನೇ ದಿನ! ಅಂಚೆಕಚೇರಿ ಐದಕ್ಕೆ ಮುಚ್ಚುತ್ತೆ! ಹರಿದರೆ ಹನ್ನೆರಡೂ ಗುಜರಿಗೆ! ನಿಮ್ಮೊಬ್ಬರಿಗಾಗಿ ಎಲ್ಲರದ್ದೂ ಹಾಳಾಗಬೇಕಾ? ಟೈಪಿಸ್ಟಮ್ಮ ಎದ್ದು ನನ್ನ ತೋಳು ಹಿಡಿದರು. "ಅಕ್ಕಾ, ನೀವು ಇಂಥೋರಲ್ಲ. ನೀವು ತಾಳ್ಮೆಯೋರು."

"ತಾಳ್ಮೆಯೋಳೇ. ಅದಕ್ಕೇ ಎಂಟು ತಿಂಗಳಾಯ್ತು. ನೀವು ಒಂದು ಚುಟುಕು ಹೆಸರಿಗೆ ಕಾಗದ ಹರೀಬಹುದು, ನಾನು ನನ್ನ ತಂಗಿಗೆ ಹರೀಬಾರದಾ?"

ಹೇಳುತ್ತಲೇ ಮೇಜಿನ ಮೇಲಿದ್ದ ಕಾಗದ ಎತ್ತಿಕೊಂಡು ಅಡ್ಡಡ್ಡ ಹರಿದೆ. ಆಮೇಲೆ ಉದ್ದುದ್ದ ಹರಿದೆ. ಚೂರುಗಳನ್ನು ಬಿಸ್ಕತ್ತಿನ ತಟ್ಟೆಯ ಮೇಲೆ ಹಾಕಿದೆ.

"ಈಗ ಹೊಸ ಹಾಳೆ ಕೊಡಿ. ಬರಿಯೋಳು ನಾನು. ಚುಟುಕು ಹೆಸರು ಒಂದೂ ಇರಲ್ಲ. ನೀಲಿ, ಸೂಮ ಅಂದ್ರೆ ಟೀವಿಯೋರಿಗೆ ಏನು ತಿಳಿಯುತ್ತೆ? ಅಲ್ಲಿರೋದು ಗುಮಾಸ್ತರು, ನಿಮ್ಮ ಬಳಗದ ಹಳಬರಲ್ಲ. ಅವರು ಎಪಿಸೋಡಿನ ಹೆಸರು ಕೇಳಿದ್ರು. ನಾವಿಟ್ಟ ಮುದ್ದಿನ ಹೆಸರು ಯಾರು ಕೇಳಿದ್ರು?"

ಎಂಟು ತಿಂಗಳಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ, ನನಗೂ ಸೇರಿ. ಮದುವೆ ಗದ್ದಲದಲ್ಲಿ ಮದುಮಗನನ್ನೇ ಮರೆತ ಹಾಗೆ.

"ಔಷಧಿ ಚೀಟಿ ಆಗಿತ್ತು ಅದು," ಎಂದ ಡ್ರೈವರು. "ಬರೆದೋರಿಗೂ ಅಂಗಡಿಯೋರಿಗೂ ಬಿಟ್ರೆ ಇನ್ಯಾರಿಗೂ ಅರ್ಥ ಆಗಲ್ಲ."

"ಎಹಾರಾ, 'ಎರಡನೇ ಹಾಸಿಗೆಯ ರಾಣಿ'. ಬರೆದೆ. ಮುಂದೆ. ಹಕೊಬೆ ಅಂದ್ರೇನು?"

ಔಷಧಿ ಅಂಗಡಿಯವರು ಬಾಯಿ ತೆರೆದರು. "ಹ... ಹಳೇ... ಹಳೇ ಕೊಡೆ..."

"ಕೊಡೆ ಎಲ್ಲಿಂದ ಬಂತ್ರೀ? ವಾರ್ಡಿನೊಳಗೆ ಮಳೆ ಬರುತ್ತಾ?" ಎಂದರು ಟೈಪಿಸ್ಟಮ್ಮ. "ಹಸಿರು ಕೊಠಡಿಯ..."

"ಹಸಿರು ಕೊಠಡಿಯ ಏನು?"

"ಅದೇ... ಬೆ."

ಒಬ್ಬರಿಗೂ ನೆನಪಿಲ್ಲ. ಹೆಸರನ್ನು ಕತ್ತರಿಸಿ ಕತ್ತರಿಸಿ, ತುಂಡು ಇಟ್ಟುಕೊಂಡು ಬಟ್ಟೆ ಕಳೆದುಕೊಂಡಿದ್ದರು. "ಆ ಮುದುಕ ಕಣಪ್ಪ," ಎಂದ ಡ್ರೈವರು, "ಹೆಂಡತಿ ಒಳಗಿದ್ದಾಳೆ ಅಂತ ಓಣಿ ಬೆಂಚಿನ ಮೇಲೆ ದಿನಾ ಕೂತಿರ್ತಾನೆ. ಅವಳು ಹೋಗಿ ವಾರ ಆಗಿರುತ್ತೆ. ನರ್ಸು ಹೇಳೋಕೆ ಬರ್ತಾಳೆ, ಅವನು, ಗೊತ್ತಮ್ಮ, ಆದ್ರೂ ಎಲ್ಲಿಗೆ ಹೋಗ್ಲಿ ಅಂತಾನೆ..." ಅಷ್ಟರಲ್ಲಿ ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳತೊಡಗಿದ.

"ಸಾಕು. ಹಾಗೇ ಬರೀತೀನಿ," ಎಂದೆ. 'ಹೆಸರು ನೆನಪಿಲ್ಲ, ಓಣಿಯ ಬೆಂಚಿನ ಮುದುಕನ ಎಪಿಸೋಡು' ಎಂದು ಬರೆದೆ. ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು, ಬೈದಾಡಿಕೊಂಡೇ. ಅದಲ್ಲ, ಇದು. ನಿನಗೇನು ಗೊತ್ತು, ನೀನು ಆಗ ಇನ್ನೂ ಪೌಡರ್ ಹಾಲು ಕುಡೀತಿದ್ದೆ. ನನ್ನ ಕೈಬರಹ ನಿಧಾನ, ದುಂಡಗೆ ಬರೆಯಲು ಕಲಿಸಿದ್ದಾರೆ. ಗಂಟೆ ನಾಲ್ಕು ದಾಟಿತು. 'ಗಡಿಯಾರ', 'ಸೂಮ' ಎಪಿಸೋಡು ಎರಡನ್ನೂ ಬಿಟ್ಟೆ, ಬಾಟಲಿಯನ್ನು ಬರೆದೆ. ಕೊನೆಗೆ ಬರೆದೆ: 'ಮುಚ್ಚಿದ ಬಾಗಿಲಿನ ಆಚೆ. ಇದರಲ್ಲಿ ಬಾಗಿಲ ಹಿಂದಿನಿಂದ ಒಬ್ಬ ಹೆಂಗಸು, ನಿಮ್ಮಪ್ಪನ ಮನೆ ಬಾಗಿಲಾ ಇದು ಎಂದು ಬಯ್ಯುತ್ತಾಳೆ. ಆ ಹೆಂಗಸಿಗೆ ಈಗ ಧ್ವನಿ ಇಲ್ಲ. ದಯವಿಟ್ಟು ಇದನ್ನು ಗುಜರಿಗೆ ಹಾಕಬೇಡಿ.' ಗಟ್ಟಿಯಾಗಿ ಎಲ್ಲವನ್ನೂ ಓದಿದೆ.

"ಬೇಡ ಅನ್ನೋರು ಈಗ ಅನ್ನಿ."

ಟೈಪಿಸ್ಟಮ್ಮ ತಲೆ ತಗ್ಗಿಸಿದರು. ಔಷಧಿ ಅಂಗಡಿಯವರ ಮುಖ ಕೆಂಪಗಾಗಿತ್ತು. ಮುದ್ರೆ ಅವರ ಮುಷ್ಟಿಯಲ್ಲಿತ್ತು. "ದೊಡ್ಡಮ್ಮ, ಇದು ಬಳಗದ ಕಾಗದ ಅಲ್ಲ. ಬಳಗ ಇಟ್ಟ ಒಂದು ಹೆಸರೂ ಇದರಲ್ಲಿಲ್ಲ. ಹದಿನಾರು ವರ್ಷ ಕಟ್ಟಿದ ಪದ್ಧತಿ. ಅಧ್ಯಕ್ಷನಾಗಿ ನಾನು..."

ತಂಗಿ ಎದ್ದಳು. ಡಬ್ಬಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅವರ ಮುಂದೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಕತ್ತಿನ ಮೇಲಿನ ಬಟ್ಟೆ ಎತ್ತಿ ಪಕ್ಕಕ್ಕೆ ಹಾಕಿದಳು. ಮಿಕ್ಕವರು ಅಲ್ಲಿಯವರೆಗೆ ಆ ತೂತನ್ನು ನೋಡಿರಲಿಲ್ಲ. ನೋಡದಿರುವುದೇ ಮರ್ಯಾದೆ ಎಂದುಕೊಂಡಿದ್ದರು. ಅವಳು ತುಟಿ ಆಡಿಸಿದಳು. ಬೇಗಬೇಗ, ಉದ್ದಕ್ಕೆ, ಬಹಳ ಹೊತ್ತು. ತೂತಿನಿಂದ ಗಾಳಿ ಸೀಟಿಯ ಹಾಗೆ ಬಂದು ಅವರ ಅಂಗಿಗೆ ತಾಗುತ್ತಿತ್ತು.

"ಏನಂತಾರೆ, ದೊಡ್ಡಮ್ಮ?" ಅವರು ನನ್ನ ಕಡೆ ನೋಡಿದರು.

"ನಾನು ಹೇಳಲ್ಲ," ಎಂದೆ. "ಇಷ್ಟು ದಿನ ನಾನೇ ಹೇಳ್ತಿದ್ದೆ, ಅದೂ ಸಿಟ್ಟು ಸೋಸಿ, ಸಕ್ಕರೆ ಬೆರೆಸಿ. ಇವತ್ತು ನೀವೇ ಕೇಳಿಸ್ಕೊಳ್ಳಿ."

ಅವರು ಅವಳ ತುಟಿಯನ್ನೇ ನೋಡಿದರು. ಅರ್ಥವಾಯಿತೋ ಇಲ್ಲವೋ. ಅವರ ಬಾಯಿ ಅರ್ಧ ತೆರೆದು, ಮುಚ್ಚಿಕೊಂಡಿತು; ಮತ್ತೆ ತೆರೆಯಲಿಲ್ಲ. ತಂಗಿ ನಿಲ್ಲಿಸಿದಳು. ಬಟ್ಟೆ ಸರಿಮಾಡಿಕೊಂಡಳು. ಅವರು ಏನಾದರೂ ಹೇಳಲೆಂದು ಎಲ್ಲರೂ ಕಾದೆವು.

"ಅಧ್ಯಕ್ಷರು ಬಾಯಿ ಬಿಡಲಿಲ್ಲ," ಎಂದೆ ನಾನು. "ನಿಯಮದ ಪ್ರಕಾರ ಒಪ್ಪಿದ ಹಾಗೆ."

ಟೈಪಿಸ್ಟಮ್ಮ ಅವರ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮುದ್ರೆ ತೆಗೆದುಕೊಂಡು, ಕಾಗದದ ಕೆಳಗೆ ಒತ್ತಿದರು. ಅವಸರಕ್ಕೆ ಸ್ವಲ್ಪ ಓರೆಯಾಯಿತು. "ಸಾಕು ಅಕ್ಕಾ, ಹೊರಡಿ," ಎಂದರು, ನನ್ನ ಮುಖ ನೋಡದೆ.

ಅಂಚೆಕಚೇರಿಗೆ ವ್ಯಾನಿನಲ್ಲೇ ಹೋದೆವು, ಕೊಳೆ ಹಾಸುಬಟ್ಟೆಯ ಗಂಟುಗಳ ಮಧ್ಯೆ ಕೂತು. ತಂಗಿ ಖುಷಿಯಾಗಿರುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಟಿಗೆ ಬೆನ್ನು ಕೊಟ್ಟು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು.

"ಏನೇ? ಆಯ್ತಲ್ಲ," ಎಂದೆ.

ಇಷ್ಟೇ ಸಾಕಾಗಿತ್ತಾ, ಎಂದಳು ತುಟಿಯಲ್ಲಿ. ಎದ್ದು ನಿಂತು ಒಂದು ಮಾತು. ಅಷ್ಟೇನಾ? ಮೊದಲನೇ ದಿನವೇ ನಿನ್ನ ಬಾಯಿಗೆ ಏನಾಗಿತ್ತು? ನಂಗಾದ್ರೆ ಇಲ್ಲ. ನಿಂಗಿತ್ತಲ್ಲ!

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಹೇಳಿ ನಗಿಸಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಈ ಕೋಪ ದಾರಿ ತಪ್ಪಿ ನನ್ನ ಹತ್ತಿರ ಬಂದದ್ದಲ್ಲ. ನನ್ನ ವಿಳಾಸಕ್ಕೇ ಬಂದದ್ದು.

"ಬಯ್ಯಿ," ಎಂದೆ. "ಪೂರ್ತಿ ಬಯ್ಯಿ. ನೋಡ್ತಾ ಇದ್ದೀನಿ."

ಬೈದಳು. ಎರಡು ಸಿಗ್ನಲ್ಲು ದಾಟುವವರೆಗೂ ಬೈದಳು. ನಾನು ಒಂದು ಮಾತನ್ನೂ ಬಿಡದೆ ಓದಿದೆ.

ಅಂಚೆಕಚೇರಿಯ ಗುಮಾಸ್ತ ಆಗಲೇ ಕಿಟಕಿಯ ಹಲಗೆ ಇಳಿಸುತ್ತಿದ್ದ. "ಮುಚ್ತು ಅಜ್ಜಿ. ನಾಳೆ ಬನ್ನಿ."

"ನಾಳೆ ಅನ್ನೋದನ್ನ ನಾನು ಎಂಟು ತಿಂಗಳು ತಿಂದು ಅಜೀರ್ಣ ಆಗಿದೆ ಕಣಪ್ಪ. ಗಡಿಯಾರ ನೋಡು. ಐದಾಗಿಲ್ಲ. ಎತ್ತು ಹಲಗೆ."

ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಮೇಜಿನ ಹತ್ತಿರ ನಿಂತು ಲಕೋಟೆಗೆ ಅಂಟು ಹಚ್ಚುತ್ತಿದ್ದವರು ತಿರುಗಿ ನೋಡಿದರು. ಡ್ರೈವರು ನನ್ನ ಹಿಂದೆ ಬಂದು ತನ್ನ ಅಗಲಕ್ಕೆ ಸರಿಯಾಗಿ ನಿಂತುಕೊಂಡ. ಗುಮಾಸ್ತ ಗಡಿಯಾರ ನೋಡಿದ, ನಮ್ಮನ್ನು ನೋಡಿದ, ಹಲಗೆ ಎತ್ತಿದ.

"ಕೊಡಿ. ಕಳಿಸೋರು ಯಾರು?"

ಲಕೋಟೆ ನನ್ನ ಕೈಯಲ್ಲಿತ್ತು. ತಂಗಿ ಅದನ್ನು ಕಿತ್ತುಕೊಂಡು ತಾನೇ ಕಿಟಕಿಯೊಳಗೆ ತೋಳಿನವರೆಗೂ ಕೈ ಹಾಕಿ ತಕ್ಕಡಿಯ ಮೇಲಿಟ್ಟಳು. ಗುಮಾಸ್ತ ತೂಗಿದ, ಸ್ಟಾಂಪು ಹಚ್ಚಿದ, ರಿಜಿಸ್ಟರಿನ ಚೀಟಿ ಅಂಟಿಸಿ ಅದರ ಮೇಲೆ ಅವತ್ತಿನ ತಾರೀಖಿನ ಮೊಹರು ಹೊಡೆದ. ರಸೀದಿ ಹರಿದು ಅವಳ ಕೈಗೇ ಕೊಟ್ಟ. ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಅವನು ಲಕೋಟೆಯನ್ನು ಮಿಕ್ಕ ಕಾಗದಗಳ ಜೊತೆ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಹಿಂದಿನ ಬಾಗಿಲಲ್ಲಿ ಕಾಯುತ್ತಿದ್ದ ಅಂಚೆಯ ಗಾಡಿಗೆ ಎಸೆಯುವವರೆಗೂ ಅಲ್ಲೇ ನಿಂತು ನೋಡಿದಳು.